ವಾದ್ಯಗಳ ವ್ಯಾಜ್ಯ

ಕನ್ನಡ ಅಧ್ಯಾಪಕನಾದವನಿಗೆ ಪಾಠ ಹೇಳುವುದರ ಜೊತೆಗೆ ಇನ್ನೊಂದು ಉದ್ಯೋಗ ತಾನಾಗಿಯೇ ಅಂಟಿಕೊಳ್ಳುತ್ತದೆ. ಅದು ಅಕ್ಷರ ಕಾಯುವ ಉದ್ಯೋಗ. ಲಗ್ನಪತ್ರಿಕೆಯಿಂದ ಹಿಡಿದು ರಾಜ್ಯೋತ್ಸವದ ಬ್ಯಾನರಿನವರೆಗೆ ಎಲ್ಲವೂ ನಮ್ಮ ಕಣ್ಣ ಕೆಳಗೆ ಹಾದುಹೋಗಬೇಕು. ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾದರೆ ಜನ ಬರೆದವನ ಮುಖ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಈ ಅಭ್ಯಾಸದಿಂದಾಗಿ ಹಾಡು ಕೇಳಲು ಕುಳಿತಾಗಲೂ ನನ್ನ ಕಿವಿ ರಾಗವನ್ನು ಬಿಟ್ಟು ಮಾತಿನ ಬೆನ್ನು ಹತ್ತುತ್ತದೆ. ಸಂಗೀತ ಬಲ್ಲ ಮಿತ್ರರು ಇದನ್ನು ಒಂದು ರೋಗವೆಂದೇ ಎಣಿಸಿದ್ದಾರೆ. ಇರಲಿ. ಆದರೆ ಭಾವಗೀತೆಯ ಕಾರ್ಯಕ್ರಮಕ್ಕೆ ಹೋಗಿ ಬಂದು “ಬಹಳ ಚೆನ್ನಾಗಿತ್ತು” ಎನ್ನುವವರನ್ನು, ಹಾಡಿನ ಎರಡನೆಯ ಚರಣದಲ್ಲಿ ಏನಿತ್ತು ಎಂದು ಒಮ್ಮೆ ಕೇಳಿ ನೋಡಿ. ಪಲ್ಲವಿಯ ಮೊದಲ ಸಾಲನ್ನು ಹೇಳಿಯಾರು. ಚರಣಕ್ಕೆ ಬರುವ ಹೊತ್ತಿಗೆ ಕೀಬೋರ್ಡು, ತಬಲ, ಗಿಟಾರು, ಪಿಟೀಲುಗಳೆಲ್ಲ ಸೇರಿ ಕವಿಯನ್ನು ಮೂಲೆಗೆ ಒತ್ತರಿಸಿರುತ್ತವೆ. ಅವನು ಏನು ಹೇಳಿದನೆಂಬುದು ಅವನಿಗೂ ಗಾಯಕನಿಗೂ ಮಾತ್ರ ಗೊತ್ತು. ಕೆಲವು ಸಲ ಅವನೊಬ್ಬನಿಗೇ.

ಈ ದೂರನ್ನು ನಾನು ಬಹುಕಾಲದಿಂದ ಹೇಳುತ್ತ ಬಂದವನು. ಅದರ ಒಳಗುಟ್ಟು ತಿಳಿದದ್ದು ಮಾತ್ರ ಕಳೆದ ವರ್ಷ, ನಮ್ಮಮ್ಮನ ಹಾಡುಗಳನ್ನು ಧ್ವನಿಮುದ್ರಣ ಮಾಡಿಸಲು ಹೊರಟಾಗ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ನೆಂಟರಿಷ್ಟರ ಮದುವೆಗಳಲ್ಲಿ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು ಎಲ್ಲಕ್ಕೂ ಅವಳೇ ಬೇಕಾಗಿತ್ತು. ಅವಳ ಕೈಬರಹದ ಒಂದು ನೋಟುಪುಸ್ತಕ ಉಳಿದಿದೆ. ಅದರಲ್ಲಿ ಹನ್ನೊಂದು ಹಾಡು. ಧಾಟಿಗಳು ನನ್ನ ತಂಗಿಯ ನೆನಪಿನಲ್ಲಿವೆ. ಅವಳಾದ ಮೇಲೆ ಯಾರ ನೆನಪಿನಲ್ಲಿಯೂ ಇಲ್ಲ. ನಮ್ಮ ಮನೆಯ ಮುಂದಿನ ಪೀಳಿಗೆಯ ಮದುವೆಗಳಲ್ಲಿ ಹಾಡುವುದು ಧ್ವನಿವರ್ಧಕವೇ ಹೊರತು ಮನುಷ್ಯರಲ್ಲ.

ನಮ್ಮ ತಂದೆಯವರನ್ನು ನಾವು ಅಣ್ಣ ಎಂದೇ ಕರೆಯುವುದು. ಹೈಸ್ಕೂಲು ಮೇಷ್ಟರಾಗಿದ್ದವರು, ಈಗ 82 ವರ್ಷ. ಅಣ್ಣನಿಗೆ ಕಿವಿ ಮಂದ. ಮಂದ ಎಂದರೆ ಏನೂ ಕೇಳಿಸದೆಂದಲ್ಲ. ಬಾಗಿಲು ಬಡಿದರೆ ಕೇಳಿಸುತ್ತದೆ, ರಸ್ತೆಯಲ್ಲಿ ಲಾರಿ ಹೋದರೆ ಕೇಳಿಸುತ್ತದೆ. ಯಾರೋ ಮಾತಾಡಿದರು ಎಂಬುದೂ ಕೇಳಿಸುತ್ತದೆ. ಏನು ಮಾತಾಡಿದರು ಎಂಬುದು ಕೇಳಿಸದು. ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನು ತಂದುಕೊಟ್ಟಿದ್ದೇವೆ. ಅದು ಮಾತಿಗಿಂತ ಅಡುಗೆಮನೆಯ ಪಾತ್ರೆಯನ್ನೇ ಚೆನ್ನಾಗಿ ಕೇಳಿಸುತ್ತದೆಂದು ಅದನ್ನು ಅದರ ಡಬ್ಬಿಯಲ್ಲಿಯೇ ಭದ್ರವಾಗಿಟ್ಟಿದ್ದಾರೆ. ಹಾಡುಗಳನ್ನು ಮುದ್ರಿಸುವ ಮಾತು ಬಂದಾಗ ಅವರು ಹೇಳಿದ್ದು ಇಷ್ಟೆ: “ರಾಗ ಹೇಗಾದರೂ ಇರಲಿ. ಮಾತು ಕೇಳಿಸೋ ಹಾಗೆ ಮಾಡಿ.” ನಮಗೆ ಅದು ಸಣ್ಣ ಬೇಡಿಕೆಯೆಂದು ತೋರಿತು.

ನನ್ನ ಅಕ್ಕನ ಮಗ ಓದಿದ್ದು ಎಂಜಿನಿಯರಿಂಗು. ಹಿಡಿದದ್ದು ಹಾಡು ಮುದ್ರಿಸುವ ಕೆಲಸ. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಮನೆಯ ಮಹಡಿಯ ಮೇಲೊಂದು ಕೋಣೆ. ಗೋಡೆಗೆಲ್ಲ ಹಾಸಿಗೆಯಂಥ ಮೆತ್ತೆ. ಒಳಗೆ ಹೋಗಿ ಕೆಮ್ಮಿದರೆ ನಮ್ಮ ಕೆಮ್ಮೇ ನಮ್ಮದಲ್ಲವೆನ್ನಿಸುತ್ತದೆ. ಮೊದಲ ಹಾಡಿಗೆ ತಂಗಿಯ ದನಿ, ತಂಬೂರಿ, ಪಿಟೀಲು, ಕೊಳಲು, ಮೃದಂಗ ಎಂದು ಗೊತ್ತಾಯಿತು. ಅಟ್ಟದ ಮೇಲಿನ ಹಾರ್ಮೋನಿಯಂ ಕೂಡ ಇರಲೆಂದು ತಂಗಿಗೆ ಆಸೆ. “ಅದೊಂದು ಬೇಡ ಚಿಕ್ಕಮ್ಮ, ಅದು ಯಾರಿಗೂ ಜಾಗ ಬಿಡೋಲ್ಲ” ಎಂದ ಹುಡುಗ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟದ್ದುಂಟು. 1971ರಲ್ಲಿ ಆ ಕಟ್ಟು ಸ್ವಲ್ಪ ಸಡಿಲವಾಯಿತು. ಆದರೆ ಅಲ್ಲಿಯ ಕಾರಣ ಬೇರೆ. ಆ ವಾದ್ಯದಲ್ಲಿ ನಮ್ಮ ಗಮಕಗಳು ನುಡಿಯವು ಎಂಬುದು. ಇವನ ಕಾರಣ ಜಾಗದ್ದು. ಜಾಗವೆಂದರೇನೆಂದು ನನಗೆ ಆಗ ತಿಳಿಯಲಿಲ್ಲ.

ಈಗಿನ ಕ್ರಮದಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ನುಡಿಸಬೇಕಾಗಿಲ್ಲ. ತಂಗಿ ಒಂದು ದಿನ ಹಾಡಿದಳು. ಮೃದಂಗದವರು ಮತ್ತೊಂದು ದಿನ ಬಂದರು. ಪಿಟೀಲಿನವರು ನಮ್ಮ ಹಳೆಯ ನೆರೆಯವರು, ಎಪ್ಪತ್ತು ದಾಟಿದ ವಿದ್ವಾಂಸರು. ಸ್ನೇಹಕ್ಕಾಗಿ ಒಪ್ಪಿಕೊಂಡು ಬಂದರು. ಒಬ್ಬೊಬ್ಬರದನ್ನೂ ಬಿಡಿಬಿಡಿಯಾಗಿ ಕೇಳಿದಾಗ ಒಂದಕ್ಕಿಂತ ಒಂದು ಚೆಲುವು. ಎಲ್ಲವನ್ನೂ ಕೂಡಿಸಿ ಕೇಳಿದಾಗ ನಮ್ಮ ಮುಖಗಳು ಇಳಿದವು. ಪಾಯಸ, ಹುಳಿ, ಕೋಸಂಬರಿ, ಮಜ್ಜಿಗೆಹುಳಿಗಳನ್ನೆಲ್ಲ ಬಾಳೆಯ ಎಲೆಯ ಒಂದೇ ಮೂಲೆಗೆ ಬಡಿಸಿದಂತಿತ್ತು. ಯಾವುದೂ ಹಳಸಿರಲಿಲ್ಲ, ಯಾವುದಕ್ಕೂ ಉಪ್ಪು ಹೆಚ್ಚಾಗಿರಲಿಲ್ಲ, ಆದರೂ ಬಾಯಿಗಿಡುವಂತಿರಲಿಲ್ಲ.

ಅದನ್ನೇ ಅಣ್ಣನಿಗೆ ಕೇಳಿಸಿದೆವು. ಹಾಡಿನ ನಡುವೆ ಮದುಮಕ್ಕಳಿಗೆ ಸೇಸೆ ತಳಿಯುವ ಮಾತು ಬರುತ್ತದೆ. ಸೇಸೆ ಎಂದರೆ ಅಕ್ಷತೆ. ಹಳಗನ್ನಡದ ಕಾವ್ಯ ಓದಿದವರಿಗೂ ನಮ್ಮ ಅಜ್ಜಿಯರಿಗೂ ಸಮಾನವಾಗಿ ಪರಿಚಯವಿದ್ದ ಮಾತು. ಅಣ್ಣ ಕೈಯನ್ನು ಕಿವಿಯ ಹಿಂದಿಟ್ಟು ಕೇಳಿ, “ಸೇವೆ, ಸೇವೆ ಅಂತಿದಾಳಲ್ಲ, ಏನು ಸೇವೆ?” ಎಂದರು. ತಂಗಿ ಸ್ಪಷ್ಟವಾಗಿಯೇ ‘ಸೇಸೆ’ ಎಂದಿದ್ದಳು. ಅವಳ ದನಿಯೊಂದನ್ನೇ ಕೇಳಿದರೆ ನಮಗೆಲ್ಲ ಅದು ಚೆನ್ನಾಗಿ ಕೇಳುತ್ತಿತ್ತು. ವಾದ್ಯಗಳು ಸೇರಿದೊಡನೆ ನನಗೂ ಸಂದೇಹ ಬಂದಿತು.

“ನನ್ನ ದನೀನ ಒಂಚೂರು ಜಾಸ್ತಿ ಮಾಡಿಬಿಡೋ” ಎಂದಳು ತಂಗಿ.

“ಮಾಡಬಹುದು ಚಿಕ್ಕಮ್ಮ. ಆಗ ಪಿಟೀಲು ಸಣ್ಣಗಾಯ್ತು ಅನ್ನಿಸುತ್ತೆ. ಅದನ್ನ ಏರಿಸ್ತೀವಿ. ಆಮೇಲೆ ಮೃದಂಗ ಸತ್ತುಹೋಯ್ತು ಅಂತ ಅದನ್ನ ಏರಿಸ್ತೀವಿ. ಸಂತೇಲಿ ಎಲ್ಲರೂ ಕೂಗ್ಕೊಂಡ ಹಾಗೆ. ಕೂಗಿದರೆ ಆಗೋಲ್ಲ, ಜಾಗ ಬಿಡಿಸಬೇಕು.”

ಮತ್ತೆ ಅದೇ ಜಾಗ. ಈ ಸಲ ನಾನು ಬಿಡಲಿಲ್ಲ, ಕುಳಿತು ಕೇಳಿದೆ. ಅವನು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ.

ಯಾವ ನಾದವೂ ಒಂಟಿಯಲ್ಲ. ನನ್ನ ತಂಗಿಯ ಶ್ರುತಿ ಐದು ಮನೆ. ಅಂದರೆ ಅವಳ ಆಧಾರ ಷಡ್ಜಕ್ಕೆ ಸೆಕೆಂಡಿಗೆ ಸುಮಾರು 196 ಕಂಪನ. ಆದರೆ ಆ ಷಡ್ಜವನ್ನು ಹಿಡಿದಾಗ ಹೊರಡುವುದು 196 ಒಂದೇ ಅಲ್ಲ. ಅದರ ಇಮ್ಮಡಿ 392, ಮುಮ್ಮಡಿ 588, ನಾಲ್ಮಡಿ 784, ಹೀಗೆ ಮಕ್ಕಳು ಮೊಮ್ಮಕ್ಕಳ ಒಂದು ಸಂಸಾರವೇ ಹೊರಡುತ್ತದೆ. ಆ ಸಂಸಾರದಲ್ಲಿ ಯಾರ ದನಿ ದೊಡ್ಡದು, ಯಾರದು ಚಿಕ್ಕದು ಎಂಬುದರಿಂದಲೇ ಇದು ಪಿಟೀಲು, ಇದು ಕೊಳಲು ಎಂದು ನಾವು ಗುರುತಿಸುವುದು. ಕೊಳಲಿನ ಸಂಸಾರ ಚಿಕ್ಕದು, ಬಹುಪಾಲು ಯಜಮಾನನದೇ ದನಿ. ಪಿಟೀಲಿನದು, ತಂಬೂರಿಯದು ಅವಿಭಕ್ತ ಕುಟುಂಬ.

ನಮ್ಮ ಸಂಗೀತದಲ್ಲಿ ಕಷ್ಟ ಹೆಚ್ಚುವುದು ಇಲ್ಲಿಯೇ. ತಂಬೂರಿ, ಪಿಟೀಲು, ಗಾಯಕಿ, ಮೃದಂಗದ ಬಲಗಡೆ ಎಲ್ಲವೂ ಒಂದೇ ಷಡ್ಜಕ್ಕೆ ಸೇರಿಸಿದವು. ಮೃದಂಗ ಬರಿಯ ತಾಳದ ವಾದ್ಯವಾಗಿದ್ದರೆ ಚಿಂತೆಯಿರಲಿಲ್ಲ. ಬಲಗಡೆಯ ಕರಣೆಯಿಂದಾಗಿ ಅದರ ಉಪಸ್ವರಗಳು ತಂತಿಯ ವಾದ್ಯದಲ್ಲಿರುವಂತೆ ಲೆಕ್ಕಕ್ಕೆ ಸರಿಯಾಗಿ ಬರುತ್ತವೆಂದು ಸಿ. ವಿ. ರಾಮನ್ ಅವರು 1920ರಲ್ಲಿಯೇ ಹೇಳಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದನ್ನು ವಿಸ್ತಾರವಾಗಿ ಬರೆದರು. ಬೇರೆ ದೇಶದ ಸಾಮಾನ್ಯ ಚರ್ಮವಾದ್ಯಗಳು ಗದ್ದಲವಾದರೆ ನಮ್ಮದು ನಾದ. ಹೆಮ್ಮೆಪಡಬೇಕಾದ ವಿಷಯ, ನಿಜ. ಆದರೆ ನಾದವಾದುದರಿಂದಲೇ ಅದೂ ಹಾಡುವವಳ ಹಾದಿಗೆ ಬಂದು ನಿಲ್ಲುತ್ತದೆ.

ಒಂದೇ ಹಾದಿಯಲ್ಲಿ ಇಬ್ಬರು ನಿಂತರೆ ಬಲವಾದವನು ಇನ್ನೊಬ್ಬನನ್ನು ಮರೆಮಾಡುತ್ತಾನೆ. ಕಿವಿಗೂ ಇದೇ ನ್ಯಾಯ. ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಒಂದು ಅಂಗವಿದೆ. ಅದರೊಳಗಿನ ಪೊರೆಯನ್ನು ಬಿಡಿಸಿ ಹಾಸಿದರೆ ಸುಮಾರು ಮೂರೂವರೆ ಸೆಂಟಿಮೀಟರು ಉದ್ದ. ಇಷ್ಟರಲ್ಲಿಯೇ ಸೆಕೆಂಡಿಗೆ 20 ಕಂಪನದಿಂದ 20,000 ಕಂಪನದವರೆಗಿನ ಎಲ್ಲ ದನಿಗಳಿಗೂ ಒಂದೊಂದು ಸ್ಥಳ ನೇಮಕವಾಗಿದೆ. ಬಾಗಿಲಲ್ಲಿ ತಾರದ ದನಿಗಳು, ಒಳತುದಿಯಲ್ಲಿ ಮಂದ್ರದವು. ಇದನ್ನು ಕಂಡುಹಿಡಿದ ಹಂಗೆರಿಯ ಗೆಯಾರ್ಗ್ ಫಾನ್ ಬೆಕೆಶಿ ಎಂಬಾತನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಮಂದ್ರದ ಅಲೆ ತನ್ನ ಒಳಮನೆಯನ್ನು ಸೇರಬೇಕಾದರೆ ತಾರದವರ ಅಂಗಳವನ್ನು ತುಳಿದುಕೊಂಡೇ ಹೋಗಬೇಕು. ಆದ್ದರಿಂದ ತಗ್ಗಿನ ದನಿ ಮೇಲಿನ ದನಿಯನ್ನು ಸುಲಭವಾಗಿ ಮುಚ್ಚುತ್ತದೆ; ಮೇಲಿನದು ತಗ್ಗಿನದನ್ನು ಅಷ್ಟಾಗಿ ಮುಚ್ಚಲಾರದು. ಅಮೆರಿಕದ ಟೆಲಿಫೋನು ಪ್ರಯೋಗಶಾಲೆಯಲ್ಲಿ ವೆಗೆಲ್ ಮತ್ತು ಲೇನ್ ಎಂಬ ಇಬ್ಬರು 1924ರಲ್ಲಿಯೇ ಇದನ್ನು ಅಳತೆಮಾಡಿ ತೋರಿಸಿದ್ದರು. ವಯಸ್ಸಾದಂತೆ ಮೊದಲು ಸವೆಯುವುದು ಆ ಬಾಗಿಲ ಬಳಿಯ ಜಾಗವೇ. ದಿನವೂ ಎಲ್ಲರೂ ತುಳಿಯುವ ಹೊಸ್ತಿಲು ತಾನೆ!

ಇಷ್ಟು ತಿಳಿದ ಮೇಲೆ ಅಣ್ಣನ ‘ಸೇವೆ’ಯ ಅರ್ಥವಾಯಿತು. ಸ್ವರಗಳು ತಗ್ಗಿನಲ್ಲಿ ಇರುವಂಥವು, ಬಲವುಳ್ಳವು. ವ್ಯಂಜನಗಳು ಬಡವರು, ಅದರಲ್ಲಿಯೂ ಸಕಾರದ ಶಕ್ತಿಯೆಲ್ಲ ನಾಲ್ಕೈದು ಸಾವಿರ ಕಂಪನಗಳ ಮೇಲೆಯೇ. ಹಳೆಯ ಟೆಲಿಫೋನು 300ರಿಂದ 3400ರವರೆಗೆ ಮಾತ್ರ ಸಾಗಿಸುತ್ತಿತ್ತು. ಆದ್ದರಿಂದಲೇ ಅದರಲ್ಲಿ ಇಂಗ್ಲಿಷಿನ ‘ಎಸ್’ ‘ಎಫ್’ಗಳು ಒಂದೇ ಆಗಿ, ಹೆಸರು ಹೇಳಲು ಊರುಗಳ ಹೆಸರನ್ನೆಲ್ಲ ಜಪಿಸಬೇಕಾಗುತ್ತಿತ್ತು. ವ್ಯಾಕರಣದಲ್ಲಿ ಸ್ವರ ಸ್ವತಂತ್ರ, ವ್ಯಂಜನ ಪರತಂತ್ರ ಎಂದು ಪಾಠ ಹೇಳುತ್ತೇವೆ. ಆದರೆ ಪದದ ಅರ್ಥವೆಲ್ಲ ಬಹುಪಾಲು ಆ ಪರತಂತ್ರರ ಕೈಯಲ್ಲಿದೆ. ಅಣ್ಣನಿಗೆ ಸಕಾರ ಹೇಗೂ ಕೇಳಿಸದು. ಹಾಗಾದರೆ ಎದುರಿಗೆ ಕುಳಿತು ಮೆಲ್ಲಗೆ ಹೇಳಿದರೆ ‘ಸೇಸೆ’ ಅವರಿಗೆ ಹೇಗೆ ತಿಳಿಯುತ್ತದೆ? ಸಕಾರ ಬರುವಾಗ ಕಂಠದ ನಾದ ಒಂದು ಗಳಿಗೆ ನಿಲ್ಲುತ್ತದೆ. ವಕಾರದಲ್ಲಿ ನಿಲ್ಲುವುದಿಲ್ಲ. ಆ ಬಿಡುವನ್ನು ಕಂಡೇ ಅವರು ಇದು ಸಕಾರವಿರಬೇಕೆಂದು ಊಹಿಸುವುದು. ನಮ್ಮ ಹಾಡಿನಲ್ಲಿ ಅದೇ ಬಿಡುವಿನಲ್ಲಿ ಪಿಟೀಲೂ ತಂಬೂರಿಯೂ ಬಂದು ಕುಳಿತುಬಿಟ್ಟಿದ್ದವು. ಬಿಡುವು ತುಂಬಿಹೋಗಿ ಸಕಾರ ವಕಾರವಾಯಿತು!

(ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ್ರವ್ಯದ ಬಣ್ಣ ಬಿಳುಪೆಂದು ಹೇಳಿದ್ದಾನೆ. ತರಗತಿಯಲ್ಲಿ ಹುಡುಗರು ಇದಕ್ಕೆ ನಗುವುದುಂಟು. ಎಲ್ಲ ಕಂಪನಗಳೂ ಸಮಬಲವಾಗಿ ಬೆರೆತ ಸದ್ದಿಗೆ ಈಗಿನ ಎಂಜಿನಿಯರುಗಳು ‘ಬಿಳಿಯ ಸದ್ದು’ ಎನ್ನುತ್ತಾರೆಂದು ಅಕ್ಕನ ಮಗ ಹೇಳಿದ. ಎರಡಕ್ಕೂ ನೆಂಟಸ್ತಿಕೆ ಕಲ್ಪಿಸುವಷ್ಟು ಧೈರ್ಯ ನನಗಿಲ್ಲ. ಆದರೆ ಮುಂದಿನ ಸಲ ಹುಡುಗರು ನಕ್ಕರೆ ಹೇಳಲು ಒಂದು ಮಾತಾಯಿತು.)

ಇನ್ನು ಅವನ ಆಯುಧದ ವಿಷಯ. ಅದರ ಹೆಸರು ಈಕ್ವಲೈಜರ್. ಕನ್ನಡದಲ್ಲಿ ಏನೆನ್ನಬಹುದು ಎಂದು ಅವನು ನನ್ನನ್ನು ಕೇಳಿದ. ‘ಸಮಕಾರಿ’ ಎಂದೆ. ಅವನು ನಕ್ಕು, “ಮಾಮ, ಇದು ಮಾಡೋದೆಲ್ಲ ಅಸಮ” ಎಂದ. ಹೆಸರಿಗೆ ಕಾರಣ ಟೆಲಿಫೋನು. ತಂತಿ ಉದ್ದವಾದಷ್ಟೂ ಮಾತಿನ ಮೇಲಿನ ಕಂಪನಗಳು ದಾರಿಯಲ್ಲಿ ಹೆಚ್ಚು ಸೊರಗುತ್ತಿದ್ದವು. ಎಲ್ಲವನ್ನೂ ಮತ್ತೆ ಸಮಕ್ಕೆ ತರುವ ಉಪಾಯವಾಗಿ ಇದು ಹುಟ್ಟಿತು. ಸಮಮಾಡಲು ಹುಟ್ಟಿದ್ದನ್ನು ಸಿನಿಮಾದವರೂ ಗ್ರಾಮಫೋನಿನವರೂ ಬೇಕೆಂದೇ ಏರುಪೇರು ಮಾಡಲು ಬಳಸಿಕೊಂಡರು. ಯಾವ ಕಂಪನದ ಸುತ್ತ, ಎಷ್ಟು ಅಗಲಕ್ಕೆ, ಎಷ್ಟು ಆಳಕ್ಕೆ ಎಂದು ಮೂರನ್ನೂ ಇಷ್ಟಬಂದಂತೆ ತಿರುಗಿಸಬಲ್ಲ ಯಂತ್ರವನ್ನು 1972ರಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಎಂಬ ಅಮೆರಿಕದವನು ವಿವರಿಸಿದ. ಅದರ ಮೊಮ್ಮಕ್ಕಳೇ ಈಗ ಗಣಕಯಂತ್ರದ ಪರದೆಯ ಮೇಲೆ ಕುಳಿತಿರುವುದು.

ಪರದೆಯ ಮೇಲೆ ಅಡ್ಡಲಾಗಿ ಒಂದು ಗೆರೆ. ಎಡಗಡೆ ಮಂದ್ರ, ಬಲಗಡೆ ತಾರ. ಆ ಗೆರೆಯನ್ನು ಬೇಕಾದ ಕಡೆ ಹಿಡಿದು ತಗ್ಗಿಸಿದರೆ ಆ ಭಾಗ ಕುಗ್ಗುತ್ತದೆ, ಎತ್ತಿದರೆ ಹಿಗ್ಗುತ್ತದೆ. ಅವನು ಎತ್ತಿದ್ದು ಕಡಿಮೆ, ತಗ್ಗಿಸಿದ್ದೇ ಹೆಚ್ಚು. ಮೊದಲು ತಂಬೂರಿ. ಅದರ ಮಂದ್ರ ಷಡ್ಜ 98 ಕಂಪನ. ಅವನು 150ರ ಕೆಳಗಿನದನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಕತ್ತರಿಸಿಬಿಟ್ಟ. ಹಾಗಾದರೆ ಷಡ್ಜವೇ ಹೋಯಿತಲ್ಲ ಎಂದು ನನಗೆ ಗಾಬರಿ. ಹೋಗಲಿಲ್ಲ. ಯಜಮಾನ ಮನೆಯಲ್ಲಿಲ್ಲದಿದ್ದರೂ ಮಕ್ಕಳ ಮುಖ ನೋಡಿ ಇಂಥವರ ಮನೆ ಎನ್ನುವುದಿಲ್ಲವೆ? ಕಿವಿಯೂ ಹಾಗೆಯೇ, ಉಪಸ್ವರಗಳನ್ನು ಕೇಳಿ ಇಲ್ಲದ ಮೂಲಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಗಂಡಸಿನ ದನಿಯ ಮೂಲಸ್ವರ ಸೆಕೆಂಡಿಗೆ ನೂರಿಪ್ಪತ್ತರ ಆಸುಪಾಸಿನದು. ಟೆಲಿಫೋನಿನಲ್ಲಿ ಅದು ಬರುವುದೇ ಇಲ್ಲ. ಆದರೂ ಮಾತಾಡಿದವನು ಗಂಡಸಲ್ಲವೆಂದು ಯಾರೂ ಅಂದುಕೊಂಡಿಲ್ಲ.

ಆ ತಗ್ಗಿನ ಮನೆಯಲ್ಲಿ ಮೃದಂಗದ ಎಡಗಡೆಯೊಂದೇ ಉಳಿಯಿತು. ರವೆ ಮೆತ್ತಿದ ಆ ಮುಖದ ಗುಮ್ಮೆನ್ನುವ ದನಿ ಎಷ್ಟು ಚೆನ್ನಾಗಿದೆಯೆಂಬುದು ಆಗಲೇ ನಮಗೆ ಗೊತ್ತಾದದ್ದು. ಅದಕ್ಕೆ ಒಂದು ಕಾಳಿನಷ್ಟೂ ಬಲ ಕೂಡಿಸಿರಲಿಲ್ಲ. ಮೃದಂಗದಲ್ಲಿ ಮುನ್ನೂರರ ಆಸುಪಾಸನ್ನು ಒಂದಿಷ್ಟು ತೋಡಿದ. ಅದು ತಂಗಿಯ ದನಿಯ ಎದೆಯ ಭಾಗ. ಅವಳ ದನಿಯಲ್ಲಿಯೂ ನೂರಿಪ್ಪತ್ತರ ಕೆಳಗೆ ಇದ್ದದ್ದು ಫ್ಯಾನಿನ ಗಾಳಿ, ಕಾಲಿನ ಸದ್ದು, ವಿದ್ಯುತ್ತಿನ 50ರ ಗುಂಯ್ಕಾರ. ಅದನ್ನು ಗುಡಿಸಿ ಹಾಕಿದ. ಕೊಳಲಿಗೆ ಹೆಚ್ಚೇನೂ ಮಾಡಲಿಲ್ಲ. ಕೊನೆಗೆ ಪಿಟೀಲು. ಮಾತು ತಿಳಿಯಾಗುವ ಜಾಗ ಎರಡರಿಂದ ನಾಲ್ಕು ಸಾವಿರ ಕಂಪನ. ಪಿಟೀಲಿನ ಹೊಳಪು ಇರುವುದೂ ಅಲ್ಲಿಯೇ. ಅಲ್ಲಿ ಪಿಟೀಲನ್ನು ನಾಲ್ಕು ಡೆಸಿಬೆಲ್ ಇಳಿಸಿದ. ಮೂರು ಡೆಸಿಬೆಲ್ ಇಳಿದರೆ ಶಕ್ತಿ ಅರ್ಧಕ್ಕೆ ಬಂದಂತೆ. ನಾಲ್ಕೆಂದರೆ ಅರ್ಧಕ್ಕೂ ಕಡಿಮೆ.

ಈಗ ಕೂಡಿಸಿ ಕೇಳಿದರೆ ಎಲೆಯ ಮೇಲೆ ಉಪ್ಪು ಉಪ್ಪಿನ ಜಾಗದಲ್ಲಿ, ಪಲ್ಯ ಪಲ್ಯದ ಜಾಗದಲ್ಲಿ ಇತ್ತು. ತಂಗಿಯ ದನಿಯನ್ನು ಏರಿಸದೆಯೇ ಅವಳು ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದಳು. ಇದನ್ನು ಅವನು ಕೋಣೆಯ ದೊಡ್ಡ ಸ್ಪೀಕರಿನಲ್ಲಿ ಕೇಳಿ ತೃಪ್ತನಾಗಲಿಲ್ಲ. ಬಹಳ ಮೆಲ್ಲಗೆ ಇಟ್ಟು ಕೇಳಿದ, ಮೊಬೈಲಿನ ಸಣ್ಣ ಬಾಯಿಯಲ್ಲಿ ಕೇಳಿದ, ಕಾರಿನಲ್ಲಿ ಕೇಳಿದ. ಜೋರಾಗಿಟ್ಟರೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದಂತೆ, ಅದನ್ನು ನಂಬಬಾರದಂತೆ.

ನನಗೆ ಇಲ್ಲಿ ಒಂದು ಪ್ರಶ್ನೆ ಎದ್ದಿತು. ಇದೆಲ್ಲ ಇಲ್ಲದಾಗ ಜನ ಏನು ಮಾಡುತ್ತಿದ್ದರು? ದೂರವನ್ನೇ ಯಂತ್ರವಾಗಿ ಬಳಸುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಎದುರಿಗಿದ್ದುದು ಮೈಕಲ್ಲ, ಒಂದು ಕಹಳೆ. ಆ ಕಾಲದಲ್ಲಿ ಹಾಡುವವರು ಕಹಳೆಯ ಬಾಯಿಗೆ ಹತ್ತಿರ, ಗಟ್ಟಿದನಿಯ ವಾದ್ಯಗಳು ಹಿಂದೆ. ಪಿಟೀಲಿನ ದನಿ ಸಾಲದೆಂದು ಸ್ಟ್ರೋ ಎಂಬಾತ ಅದಕ್ಕೇ ಒಂದು ಕಹಳೆ ಕಟ್ಟಿಕೊಟ್ಟಿದ್ದ. ಕನ್ನಡ ಸಿನಿಮಾದ ಹಾಡುಗಳು ಮದರಾಸಿನಲ್ಲಿ ಮುದ್ರಣವಾಗುತ್ತಿದ್ದ ದಿನಗಳಲ್ಲಿಯೂ ಕೆಲವೇ ಮೈಕುಗಳ ಮುಂದೆ ವಾದ್ಯದವರೆಲ್ಲ ಒಟ್ಟಿಗೆ ಕುಳಿತು, ಯಾರು ಎಷ್ಟು ದೂರ ಎಂಬುದರಲ್ಲಿಯೇ ಅರ್ಧ ಕೆಲಸ ಮುಗಿಯುತ್ತಿತ್ತು. ನಮ್ಮ ಯಕ್ಷಗಾನದವರು ಇನ್ನೂ ಜಾಣರು. ಚೆಂಡೆಯ ಮುಂದೆ ಯಾವ ಮನುಷ್ಯನ ದನಿ ನಿಂತೀತು? ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಾರೆ. ಕರುಣದ ಪದ್ಯ ಬಂದಾಗ ಚೆಂಡೆ ಬಾಯಿಮುಚ್ಚಿ ಮದ್ದಳೆಗೆ ದಾರಿಬಿಡುತ್ತದೆ. ಯುರೋಪಿನ ಅಪೆರಾ ಗಾಯಕರದು ಮತ್ತೊಂದು ಉಪಾಯ. ಅವರ ಹಿಂದಿನ ದೊಡ್ಡ ವಾದ್ಯಮೇಳದ ಬಲವೆಲ್ಲ ಐನೂರು ಕಂಪನದ ಸುತ್ತ. ಮೇಲೆ ಹೋದಂತೆ ಅದು ಇಳಿಯುತ್ತದೆ. ಗಾಯಕರು ಗಂಟಲನ್ನು ಹದಗೊಳಿಸಿ ಮೂರು ಸಾವಿರದ ಸಮೀಪ ದನಿಗೊಂದು ಶಿಖರ ಎಬ್ಬಿಸಿಕೊಳ್ಳುತ್ತಾರೆಂದು ಸ್ವೀಡನ್ನಿನ ಯೋಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲಿ ವಿವರಿಸಿದರು. ಯಂತ್ರವಿಲ್ಲದೆ, ಮೈಕಿಲ್ಲದೆ, ಗಂಟಲೇ ಈಕ್ವಲೈಜರ್!

ಎಲ್ಲಕ್ಕಿಂತ ಹೆಚ್ಚಾಗಿ, ನುಡಿಸುವವರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಒಳ್ಳೆಯ ಕಚೇರಿಯಲ್ಲಿ ಮೃದಂಗ ಎಲ್ಲಿ ತಗ್ಗಬೇಕು, ಪಿಟೀಲು ಎಲ್ಲಿ ನೆರಳಾಗಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಹಾಡಿನಲ್ಲಿ ಒಬ್ಬರು ಮಂಗಳವಾರ ನುಡಿಸಿದ್ದರು, ಒಬ್ಬರು ಶನಿವಾರ. ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ದನಿ ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಆದ್ದರಿಂದ ಎಲ್ಲರೂ ತುಂಬಾ ನುಡಿಸಿದರು. ಅಕ್ಕನ ಮಗನೂ ಇದನ್ನು ಒಪ್ಪುತ್ತಾನೆ. “ನುಡಿಸೋವಾಗಲೇ ಬಿಟ್ಟುಕೊಟ್ಟಿದ್ದರೆ ನನಗೆ ಕೆಲಸವೇ ಇರ್ತಿರಲಿಲ್ಲ ಮಾಮ” ಎಂದ.

ಹೀಗಿರುವಾಗ ಒಂದು ಸಂಜೆ ಪಿಟೀಲಿನವರು ತಾವೇ ಬಂದರು. ಹೇಗಾಗಿದೆ ನೋಡೋಣವೆಂಬ ಕುತೂಹಲ. ಕಾಫಿಯಾಯಿತು. “ನಮ್ಮದೊಂದನ್ನೇ ಹಾಕಪ್ಪ ಸ್ವಲ್ಪ” ಎಂದರು. ಹುಡುಗನಿಗೆ ಏನೋ ತಡವರಿಕೆ. ಆದರೆ ಹಿರಿಯರು ಕೇಳಿದ ಮೇಲೆ ಹಾಕದೆ ವಿಧಿಯಿಲ್ಲ. ಹಾಕಿದ. ನಾಲ್ಕು ಆವರ್ತ ಕೇಳಿ ಅವರು ಲೋಟ ಕೆಳಗಿಟ್ಟು, “ಯಾರದಪ್ಪ ಇದು?” ಎಂದರು.

ನಮಗಾರಿಗೂ ಮಾತು ಹೊರಡಲಿಲ್ಲ. ಒಂಟಿಯಾಗಿ ಕೇಳಿದರೆ ಆ ಪಿಟೀಲು ನಿಜವಾಗಿಯೂ ತೆಳುವಾಗಿ, ಮಂಕಾಗಿ, ನೆಗಡಿ ಬಂದವರ ಮಾತಿನಂತಿತ್ತು. ಈ ವಿದ್ಯೆಯ ಕ್ರೂರವಾದ ಗುಟ್ಟು ಇದೇ. ಕೂಟದಲ್ಲಿ ಚೆನ್ನಾಗಿ ಹೊಂದುವಂತೆ ಕತ್ತರಿಸಿದ ವಾದ್ಯ ಒಂಟಿಯಾಗಿ ನಿಂತರೆ ಬಡಕಲು. ಒಂಟಿಯಾಗಿ ಭವ್ಯವಾದದ್ದು ಕೂಟದಲ್ಲಿ ದಾಂಡಿಗ.

“ಐವತ್ತು ವರ್ಷ ಈ ನಾದಕ್ಕೋಸ್ಕರ ಕಮಾನು ಎಳೆದಿದೀನಿ. ನೀನು ಬೆರಳಲ್ಲಿ ಅಳಿಸಿಬಿಟ್ಯಲ್ಲ” ಎಂದರು. ಕೋಪದಿಂದಲ್ಲ. ಕೋಪ ಬಂದಿದ್ದರೆ ಚೆನ್ನಾಗಿತ್ತು.

ಹುಡುಗ ಎಲ್ಲ ವಾದ್ಯಗಳನ್ನೂ ಸೇರಿಸಿ ಕೇಳಿಸಿದ. ಕತ್ತರಿಸದ ಮೊದಲಿನ ಕೂಡಿಕೆಯನ್ನೂ ಕೇಳಿಸಿದ. ಅವರು ಎರಡನ್ನೂ ಎರಡೆರಡು ಸಲ ಕಣ್ಣುಮುಚ್ಚಿ ಕೇಳಿದರು. ಯಾವುದು ಸರಿಯೆಂದು ಹೇಳಲಿಲ್ಲ. ಏಳುವಾಗ ನನ್ನನ್ನು ಕುರಿತು, “ಮೇಷ್ಟ್ರೆ, ಹಾಡಿನ ಮಾತು ಒಂದು ಕಾಗದದಲ್ಲಿ ಬರಕೊಡಿ. ನುಡಿಸೋ ದಿನ ನನಗೆ ಸ್ವರ ಮಾತ್ರ ಕೊಟ್ಟಿದ್ದರು” ಎಂದರು. ಬರೆದುಕೊಟ್ಟೆ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಯೇಬಿಡುತ್ತೇನೆ. ಹುಡುಗನ ಲೆಕ್ಕ ಸರಿ, ಕಿವಿಯೂ ಸರಿ. ಆದರೆ ಒಬ್ಬನ ನಾದವನ್ನು ಅವನನ್ನು ಕೇಳದೆ ಕಡಿಯುವುದು ನನಗೆ ಇಂದಿಗೂ ಸರಿಕಾಣದು. ಸಂಪಾದಕರು ನನ್ನ ಲೇಖನವನ್ನು ಕತ್ತರಿಸುವಾಗ ಪುಟದಲ್ಲಿ ಜಾಗವಿಲ್ಲವೆನ್ನುತ್ತಾರೆ, ಅದೂ ನಿಜವೇ. ಕತ್ತರಿಸಿಕೊಂಡವನಿಗೆ ಆ ನಿಜದಿಂದ ಏನು ಸಮಾಧಾನ? “ಎಲ್ಲಾ ಕಡೆ ಹೀಗೇ ಮಾಡೋದು ಮಾಮ” ಎಂದು ಅವನು ಹೇಳುತ್ತಾನೆ. ಎಲ್ಲ ಕಡೆಯ ಪಿಟೀಲಿನವರೂ ಮನೆಗೆ ಬಂದು ತಮ್ಮದೊಂದನ್ನೇ ಹಾಕಿಸಿಕೊಂಡು ಕೇಳುವುದಿಲ್ಲ, ಅಷ್ಟೆ.

ಹತ್ತು ದಿನ ಬಿಟ್ಟು ಅವರು ವಾದ್ಯದೊಡನೆ ಮತ್ತೆ ಬಂದರು. ಚರಣಗಳನ್ನು ಇನ್ನೊಮ್ಮೆ ನುಡಿಸುತ್ತೇನೆಂದರು. ಈ ಸಲ ತಂಗಿ ಹಾಡುವ ಕಡೆ ಪಿಟೀಲು ಮಂದ್ರಕ್ಕೆ ಇಳಿದಿತ್ತು. ಸಾಲು ಮುಗಿದು ಅವಳು ಉಸಿರೆಳೆಯುವ ಕಡೆ ಮೇಲೆದ್ದು ಉತ್ತರ ಕೊಡುತ್ತಿತ್ತು. ‘ಸೇಸೆ’ ಬರುವಲ್ಲಿ ಕಮಾನು ಸುಮ್ಮನಾಗಿತ್ತು. ಎದುರಿನ ಸ್ಟ್ಯಾಂಡಿನ ಮೇಲೆ ನಾನು ಬರೆದುಕೊಟ್ಟ ಕಾಗದ. ಅದರಲ್ಲಿ ಆ ಪದದ ಕೆಳಗೆ ಕೆಂಪು ಗೆರೆ. ಹುಡುಗ ಪರದೆಯ ಮೇಲಿನ ತಗ್ಗನ್ನು ನಾಲ್ಕು ಡೆಸಿಬೆಲ್ಲಿನಿಂದ ಎರಡಕ್ಕೆ ಏರಿಸಿದ. ಅದಕ್ಕಿಂತ ಹೆಚ್ಚು ಬೇಕಾಗಲಿಲ್ಲ. “ಈಗ ನಂದೊಂದನ್ನೇ ಹಾಕು” ಎಂದು ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತೋ! ಎರಡು ಡೆಸಿಬೆಲ್ಲೂ ಅವರಂಥವರ ಕಿವಿಗೆ ತಿಳಿಯದೆ ಹೋಗದು.

ಅಣ್ಣನಿಗೆ ಕೇಳಿಸಿದ್ದು ಒಂದು ಭಾನುವಾರ, ಊಟವಾದ ಮೇಲೆ. ಯಂತ್ರ ಡಬ್ಬಿಯಲ್ಲಿಯೇ ಇತ್ತು. ತಾತನಿಗಾಗಿ ಬೇರೆ ಒಂದು ಕೂಡಿಕೆ ಮಾಡಿಕೊಡಲೇ ಎಂದು ಹುಡುಗ ಕೇಳಿದ್ದ. ಪಥ್ಯದ ಅಡುಗೆ ಬೇರೆ ಮಾಡುವುದು ಬೇಡ, ಎಲ್ಲರಿಗೂ ಒಂದೇ ಇರಲಿ ಎಂದಿದ್ದೆ. ಅಣ್ಣ ಸ್ಪೀಕರಿನ ಪಕ್ಕಕ್ಕೆ ಕುರ್ಚಿ ಎಳೆಸಿಕೊಂಡು, ಕೈಯನ್ನು ಕಿವಿಯ ಹಿಂದಿಟ್ಟು, ನೆಲ ನೋಡುತ್ತ ಕುಳಿತರು. ಪಲ್ಲವಿ ಕಳೆಯಿತು. ಮೊದಲ ಚರಣ ಕಳೆಯಿತು. ಅವರ ತುಟಿ ಹಾಡಿಗಿಂತ ಒಂದು ಮಾತು ಹಿಂದೆ ಅಲುಗುತ್ತಿತ್ತು. ಎರಡನೆಯ ಚರಣದಲ್ಲಿ ಅವರು ಕೈಯೆತ್ತಿದರು. ಹುಡುಗ ನಿಲ್ಲಿಸಿದ.

“ಸೇಸೆ ಅಂದಳು” ಎಂದರು.

“ಹೌದು ಅಣ್ಣ” ಎಂದಳು ತಂಗಿ, ಗಟ್ಟಿಯಾಗಿ.

“ನಿಮ್ಮಮ್ಮ ಆ ಮಾತಿಗೆ ಮುಂಚೆ ಒಂದು ಉಸಿರು ನಿಲ್ತಿದ್ದಳು. ಅಕ್ಷತೆ ಕಾಳು ಎಲ್ಲರ ಕೈಗೂ ಬಂತೋ ಇಲ್ಲವೋ ಅಂತ ನೋಡಬೇಕಲ್ಲ. ನೀನು ನಿಲ್ಲಲಿಲ್ಲ.”

ತಂಗಿಗೆ ಅಂಥದೇನೂ ನೆನಪಿಲ್ಲ. ಅಮ್ಮ ಒಂದೇ ಎಳೆಯಲ್ಲಿ ಹಾಡುತ್ತಿದ್ದಳೆಂದೇ ಅವಳ ವಾದ. ಅಣ್ಣ ತಮ್ಮ ಮದುವೆಯಿಂದ ಹಿಡಿದು ನಾಲ್ಕು ಮದುವೆಗಳ ಸಾಕ್ಷ್ಯ ಕೊಟ್ಟರು. ಅವಳು ಅಡುಗೆಮನೆಯಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತು ಕಲಿತ ಸಾಕ್ಷ್ಯ ಕೊಟ್ಟಳು. ಅಡುಗೆಮನೆಯಲ್ಲಿ ಅಕ್ಷತೆ ಹಂಚುವವರಾರು, ಅಲ್ಲಿ ನಿಲ್ಲಬೇಕಾದ ಕಾರಣವೇನು ಎಂದು ಅಣ್ಣ ಕೇಳಿದರು. ಇದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಬೇಕಾದರೆ ಅಲ್ಲಿ ಅರ್ಧ ಸೆಕೆಂಡು ಕತ್ತರಿಸಿ ಮೌನ ತುಂಬಿಬಿಡುತ್ತೇನೆ, ಎರಡು ನಿಮಿಷದ ಕೆಲಸ ಎಂದ ಹುಡುಗ. ಮೂವರೂ ಒಟ್ಟಿಗೆ ಬೇಡವೆಂದೆವು.

ತಂಗಿ ಕಾರ್ತಿಕದಲ್ಲಿ ಮತ್ತೆ ಬರುತ್ತಾಳೆ. ಆಗ ಆ ಚರಣವನ್ನು ಪುನಃ ಹಾಡಬೇಕು. ಅವಳು ನಿಂತರೆ ಪಿಟೀಲೂ ಮೃದಂಗವೂ ಅಲ್ಲಿ ನಿಲ್ಲಬೇಕಾದ್ದರಿಂದ ಅವರೂ ಬರಬೇಕು. ಈ ಸಲ ಎಲ್ಲರೂ ಒಂದೇ ದಿನ ಬರಲಿ ಎಂದು ಹುಡುಗನೇ ಹೇಳಿದ್ದಾನೆ. ಇನ್ನೂ ಹತ್ತು ಹಾಡುಗಳಿವೆ. ಎರಡನೆಯದರ ಮಾತುಗಳನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಬರೆದು ಮುಂಚಿತವಾಗಿಯೇ ಕಳುಹಿಸಬೇಕೆಂದು ಪಿಟೀಲಿನವರಿಂದ ಸುದ್ದಿ ಬಂದಿದೆ.